ನೆಟ್ಟಗೆ ನಿಂತ ಸೈಲೆನ್ಸರು

ಭಾವನ ಹಳೆಯ ಬೊಲೆರೊ ಪಿಕಪ್ ಈಗ ರಸ್ತೆಯ ಮುಖ ನೋಡುವುದಿಲ್ಲ. ಅದರ ಕಾಗದಪತ್ರಗಳನ್ನು ಇಲಾಖೆಗೆ ಒಪ್ಪಿಸಿ ನೋಂದಣಿ ರದ್ದು ಮಾಡಿಸಿದ ಮೇಲೆ ಅದು ತೋಟದೊಳಗಿನ ಚಾಕರಿಗೆ ಮಾತ್ರ ಮೀಸಲು. ಕೆಳಗಿನ ತೋಟದಿಂದ ಅಡಿಕೆ ಗೊನೆಗಳನ್ನು ಮೇಲಿನ ಅಂಗಳಕ್ಕೆ ತರಬೇಕು, ಹಟ್ಟಿಗೊಬ್ಬರ ಹೊರಬೇಕು, ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ಸಾಗಿಸಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಕರ್ನಾಟಕದ ಗಡಿಗೆ ತಾಗಿದ ಗುಡ್ಡಗಳಲ್ಲಿ ತೋಟದ ದಾರಿ ಎಂದರೆ ಮುರಕಲ್ಲನ್ನು ಕಡಿದು ಮಾಡಿದ ಏರು. ನಡುವೆ ಎರಡು ಕಡೆ ಕಲ್ಲಿನ ಬೆನ್ನು ಎದ್ದು ನಿಂತಿದೆ. ಗಾಡಿ ಹತ್ತುವಾಗ ಹಿಂದಿನ ಹೊಗೆ ಕೊಳವೆ ಅದಕ್ಕೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಕೊಳವೆ ಹರಿಯಿತು, ಸೈಲೆನ್ಸರಿನ ಡಬ್ಬಿ ಬೈಂಡಿಂಗ್ ವಯರಿನ ಆಧಾರದಲ್ಲಿ ತೂಗಾಡತೊಡಗಿತು. ಗೊನೆ ತುಂಬುವವರು ನಿಲ್ಲುವುದು ಗಾಡಿಯ ಹಿಂದೆ, ಹೊಗೆ ಬರುವುದೂ ಅಲ್ಲಿಯೇ. ಬ್ಯಾಟರಿ ಸೋತಿದ್ದ ಕಾರಣ ಎಂಜಿನನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಭಾವ ಫೋನು ಮಾಡಿ, "ಟ್ರ್ಯಾಕ್ಟರಿಗೆ ಇರುತ್ತದಲ್ಲ, ಹಾಗೆ ಮೇಲಕ್ಕೆ ಮಾಡಿ ಕೊಡಲಿಕ್ಕೆ ಆಗುತ್ತದೋ ಭಾವ?" ಎಂದು ಕೇಳಿದರು. ಗೇಟು, ಗ್ರಿಲ್, ಅಡಿಕೆ ಒಣಗಿಸುವ ಸೋಲಾರ್ ಶೆಡ್ಡು ಮಾಡಿ ಹೊಟ್ಟೆ ಹೊರೆಯುವವನಿಗೆ ಇದೇನೂ ದೊಡ್ಡ ಕೆಲಸವಲ್ಲ. ಆಗುತ್ತದೆ ಎಂದೆ. ಕೆಲಸವನ್ನು ದೊಡ್ಡದು ಮಾಡಿದವನು ಅವರ ಮಗ, ನನ್ನ ಸೋದರಳಿಯ.

ಅಳಿಯ ಇರುವುದು ಟೆಕ್ಸಾಸಿನಲ್ಲಿ. ರಜೆಗೆ ಬಂದಿದ್ದ. ವಿಷಯ ಕಿವಿಗೆ ಬಿದ್ದದ್ದೇ ತಡ, ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸತೊಡಗಿದ. ಅಲ್ಲಿನ ಪಿಕಪ್ಪುಗಳ ಬಾಡಿಯ ನೆಲವನ್ನು ಕೊರೆದು, ಕ್ಯಾಬಿನ್ನಿನ ಬೆನ್ನಿಗೆ ಎರಡೂ ಮೂಲೆಯಲ್ಲಿ ಕ್ರೋಮ್ ಹೊಳಪಿನ ಕೊಳವೆಗಳನ್ನು ನಿಲ್ಲಿಸುತ್ತಾರೆ. ಐದು ಇಂಚಿನವು, ಆರು ಇಂಚಿನವು, ಎಂಟು ಇಂಚಿನವೂ ಉಂಟು. ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಕೆಳಗೆ ಒಂದು ಕವಲು ಕೊಳವೆ ಹೊಗೆಯನ್ನು ಎರಡು ಪಾಲು ಮಾಡುತ್ತದೆ. ಈ ವೇಷ ಬಂದದ್ದು ಅಲ್ಲಿನ ಭಾರೀ ಟ್ರೇಲರ್ ಲಾರಿಗಳಿಂದ. ಲಾರಿಗೆ ಅದು ಬೇಕು: ಹೊಗೆ ಜನರ ತಲೆಯ ಮೇಲೆ ಹೋಗಬೇಕು, ಎಂಜಿನು ದೊಡ್ಡದು, ಹೊಗೆಯ ಪ್ರಮಾಣವೂ ದೊಡ್ಡದು. ಪಿಕಪ್ಪಿಗೆ ಏರಿದ್ದು ಬಹುಪಾಲು ಠೀವಿಗಾಗಿ. ಆದರೂ ಅಲ್ಲಿನ ಪಿಕಪ್ಪಿನ ಎಂಜಿನು ನಮ್ಮ ಬಸ್ಸಿನದಕ್ಕೆ ಸಮ. 1989ರಲ್ಲಿ ಡಾಡ್ಜ್ ಪಿಕಪ್ಪಿಗೆ ಕೂರಿಸಿದ ಕಮಿನ್ಸ್ ಡೀಸೆಲ್ ಎಂಜಿನು ಆರು ಸಿಲಿಂಡರಿನದು, 5.9 ಲೀಟರಿನದು. ಭಾವನ ಗಾಡಿಯದು ನಾಲ್ಕು ಸಿಲಿಂಡರು, ಎರಡೂವರೆ ಲೀಟರು. ಅದರ ಹೊಗೆಗೆ ಐದು ಇಂಚಿನ ಎರಡು ಕೊಳವೆ ಕೊಟ್ಟರೆ ಒಳಗೆ ವೇಗವೇ ಇರುವುದಿಲ್ಲ. ಹೊಗೆ ತಣಿದು, ಮಸಿಯೂ ನೀರೂ ಅಲ್ಲಿಯೇ ಕೂರುತ್ತವೆ. ಒಂದೇ ಕೊಳವೆ ಸಾಕು ಎಂದೆ.

"ಒಂದೇ ಆದರೆ ಟ್ರ್ಯಾಕ್ಟರಿನ ಹಾಗೆ ಕಾಣುತ್ತದೆ ಮಾವ" ಎಂದು ಅಳಿಯ ಮುಖ ಸಣ್ಣದು ಮಾಡಿದ.

"ಮಾಡುವ ಕೆಲಸವೂ ಟ್ರ್ಯಾಕ್ಟರಿನದ್ದೇ ಅಲ್ಲವೋ" ಎಂದರು ಭಾವ.

ಅವನಿಗೆ ಸೈಲೆನ್ಸರಿನ ಡಬ್ಬಿಯೂ ಬೇಡವಾಗಿತ್ತು, ಶಬ್ದಕ್ಕೊಂದು ಗತ್ತು ಬರುತ್ತದಂತೆ. ಅದಕ್ಕೆ ಉತ್ತರ ಕೊಟ್ಟದ್ದು ಅಕ್ಕ. ಮಧ್ಯಾಹ್ನ ಅತ್ತೆಗೆ ಒಂದು ಗಳಿಗೆ ಕಣ್ಣು ಹತ್ತುವುದೇ ಕಷ್ಟ, ಆ ಹೊತ್ತಿಗೆ ನೀನು ಅಂಗಳದಲ್ಲಿ ಗತ್ತು ತೋರಿಸುವುದು ಬೇಡ ಎಂದು ಒಳಗಿನಿಂದಲೇ ಹೇಳಿದಳು. ಡಬ್ಬಿ ಉಳಿಯಿತು.

ವಾಹನ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ವೆಲ್ಡಿಂಗ್ ಮಷೀನು, ಗ್ರೈಂಡರು, ಡ್ರಿಲ್ಲು ಎಲ್ಲವನ್ನೂ ನಾನೇ ತೋಟಕ್ಕೆ ಒಯ್ದೆ. ಕೊಳವೆಗೆ ಭಾವ ಪಂಪ್‌ಶೆಡ್ಡಿನ ಹಿಂದೆ ಬಿದ್ದಿದ್ದ ಹಳೆಯ ಜಿಐ ಪೈಪನ್ನು ತೋರಿಸಿದರು. ಹಣ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ಅದನ್ನು ವೆಲ್ಡ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಹಿಡಿಸುತ್ತದೆ. ನಮ್ಮ ಕಸುಬಿನವರಿಗೆ ಆ ಜ್ವರದ ಪರಿಚಯ ಚೆನ್ನಾಗಿದೆ. ಲೇಪ ಕೆರೆದು ವೆಲ್ಡ್ ಮಾಡಿದರೂ ಉಳಿದ ಭಾಗದ ಸತು ಹೊಗೆಯ ಕಾವಿಗೆ ಬಾಳುವುದಿಲ್ಲ. ಬರಿಯ ಮೈಲ್ಡ್ ಸ್ಟೀಲ್ ಹಾಕಿದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಊರಿನಲ್ಲಿ ತುಕ್ಕು ಬೇಗ ತಿನ್ನುತ್ತದೆ. ಆದ್ದರಿಂದ ಮಂಗಳೂರಿನಿಂದ 304 ದರ್ಜೆಯ ಸ್ಟೇನ್‌ಲೆಸ್ ಪೈಪು ತರಿಸಿದ್ದೆ, ಎರಡೂವರೆ ಇಂಚಿನದು. ಹಳೆಯ ಉಕ್ಕಿಗೂ ಸ್ಟೇನ್‌ಲೆಸ್ಸಿಗೂ ಬೆಸುಗೆ ಹಾಕುವ ಕಡೆ 309 ದರ್ಜೆಯ ವೆಲ್ಡಿಂಗ್ ರಾಡ್ ಬೇಕು. ಮಾಮೂಲಿ ರಾಡಿನಲ್ಲಿ ಹಾಕಿದ ಜೋಡಣೆ ನೋಡಲು ಚೆನ್ನಾಗಿದ್ದು ಆಮೇಲೆ ಬಿರುಕು ಬಿಡುತ್ತದೆ.

ಅಂಗಳದಲ್ಲಿ ಒಣಗಿದ ಅಡಿಕೆ ಸಿಪ್ಪೆ ಹರಡಿತ್ತು. ಮೊದಲು ಅದನ್ನೆಲ್ಲ ಗುಡಿಸಿ, ಒದ್ದೆ ಗೋಣಿಯನ್ನೂ ಒಂದು ಬಕೆಟ್ ಮರಳನ್ನೂ ಪಕ್ಕದಲ್ಲಿರಿಸಿಕೊಂಡೆ. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿದೆ, ಇಲ್ಲವಾದರೆ ವೆಲ್ಡಿಂಗಿನ ಕರೆಂಟು ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿಗೆ ಹೊಕ್ಕು ಅದನ್ನು ಹಾಳು ಮಾಡುತ್ತದೆ. ಆಮೇಲೆ ಗಾಡಿಯಡಿ ಮಲಗಿ ಟಾರ್ಚು ಹಾಕಿ ನೋಡಿದೆ. ಈ ಕೆಲಸದ ಅರ್ಧ ಇದೇ. ಮೇಲಿನಿಂದ ಬಾಡಿಯ ನೆಲ ಬಯಲಿನಂತೆ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಅಡ್ಡಪಟ್ಟಿ, ಬ್ರೇಕಿನ ಕೊಳವೆ, ಡೀಸೆಲ್ ಪೈಪು, ಹಿಂದಿನ ದೀಪದ ವಯರು ಎಲ್ಲವೂ ಅಲ್ಲಿಯೇ ಹಾದಿರುತ್ತವೆ. ಡೀಸೆಲ್ ಟ್ಯಾಂಕ್ ಇಲ್ಲದ ಮಗ್ಗುಲಿನಲ್ಲಿ, ಕ್ಯಾಬಿನ್ನಿನ ಹಿಂದೆ ಒಂದು ಗೇಣು ಬಿಟ್ಟು ಜಾಗ ಗೊತ್ತು ಮಾಡಿದೆ. ತೂತಿನ ನಡುವನ್ನು ಕೆಳಗಿನಿಂದಲೇ ಸಣ್ಣ ಡ್ರಿಲ್ಲಿನಲ್ಲಿ ಗುರುತಿಸಿ, ಮೇಲೆ ಬಂದು ವೃತ್ತ ಎಳೆದು ಕತ್ತರಿಸಿದ್ದಾಯಿತು. ಕತ್ತರಿಸಿದ ಅಂಚಿಗೆ ಕೂಡಲೇ ಪ್ರೈಮರು ಬಳಿಯಬೇಕು, ತುಕ್ಕು ಶುರುವಾಗುವುದೇ ಅಲ್ಲಿ. ನಡುವೆ ಯಾರೋ ಪಂಪು ಹಾಕಿದರು, ವೋಲ್ಟೇಜು ಬಿದ್ದು ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ತೋಟಕ್ಕೆ ನೀರು ಬಿಟ್ಟು ಮುಗಿಯುವವರೆಗೆ ಕಾಯುತ್ತಾ ಅಕ್ಕ ಕೊಟ್ಟ ಮಜ್ಜಿಗೆ ಕುಡಿದೆವು.

ಕೊಳವೆಯನ್ನು ಬಾಡಿಗೆ ಬೆಸೆದು ಬಿಡುವುದು ಸುಲಭ, ಕಣ್ಣಿಗೂ ಭದ್ರವಾಗಿ ಕಾಣುತ್ತದೆ. ಆದರೆ ಹಾಗೆ ಮಾಡಿದರೆ ಒಂದೇ ಸುಗ್ಗಿಯಲ್ಲಿ ಹರಿದು ಹೋಗುತ್ತದೆ. ಭಾರ ಹೊತ್ತು ಏರು ಹತ್ತುವಾಗ ಡೀಸೆಲ್ ಎಂಜಿನಿನ ಹೊಗೆ 400 ಡಿಗ್ರಿ ದಾಟುವುದುಂಟು. ಸ್ಟೇನ್‌ಲೆಸ್ ಕೊಳವೆ ಪ್ರತಿ 100 ಡಿಗ್ರಿಗೆ ಮೀಟರಿಗೆ ಸುಮಾರು 1.7 ಮಿಲಿಮೀಟರ್ ಉದ್ದವಾಗುತ್ತದೆ. ಒಂದೂವರೆ ಮೀಟರಿನ ಕೊಳವೆಯ ಮೈ 300 ಡಿಗ್ರಿ ಏರಿದರೆ ಏಳೆಂಟು ಮಿಲಿಮೀಟರ್ ಬೆಳೆಯಿತೆಂದೇ ಲೆಕ್ಕ. ಅದರ ಮೇಲೆ, ಎಂಜಿನು ರಬ್ಬರಿನ ಮೇಲೆ ಕುಳಿತು ಅಲುಗುತ್ತದೆ, ಚಾಸಿ ಕಲ್ಲಿನ ಮೇಲೆ ತಿರುಚಿಕೊಳ್ಳುತ್ತದೆ, ಬಾಡಿ ತನ್ನ ಪಾಡಿಗೆ ಕುಲುಕುತ್ತದೆ. ಮೂರನ್ನೂ ಒಂದೇ ಕಂಬಕ್ಕೆ ಕಟ್ಟಿಹಾಕಬಾರದು. ಹಾಗಾಗಿ ಸೈಲೆನ್ಸರಿನ ಡಬ್ಬಿಯನ್ನು ಚಾಸಿಯ ಒಳಗೆ ಎತ್ತರಕ್ಕೆ ರಬ್ಬರಿನ ತೂಗುಪಟ್ಟಿಗಳಲ್ಲಿ ನೇತು ಹಾಕಿ, ಅದರ ಮುಂದೆ ಬಾಗುವ ಜಾಲರಿ ಕೊಳವೆಯ ತುಂಡೊಂದನ್ನು ಸೇರಿಸಿದೆ. ಬಾಡಿಯ ತೂತನ್ನು ಕೊಳವೆಗಿಂತ ಸುತ್ತಲೂ ಒಂದು ಬೆರಳು ಅಗಲವಾಗಿಯೇ ಬಿಟ್ಟೆ. ಮೇಲೆ, ಕ್ಯಾಬಿನ್ನಿನ ಹಿಂದಿನ ಕಂಬಿಗೆ ಹಿಡಿಸಿದ ಪಟ್ಟಿಯಲ್ಲಿ ಬೋಲ್ಟಿನ ತೂತನ್ನು ಉದ್ದಕ್ಕೆ ಕೊರೆದೆ. ಅಲ್ಲಿ ಕೊಳವೆ ಮೇಲೆ ಕೆಳಗೆ ಜಾರಬಹುದು, ಪಕ್ಕಕ್ಕೆ ವಾಲುವಂತಿಲ್ಲ.

ಇಷ್ಟು ಮಾಡುವಾಗ ಅಳಿಯ ಸುಮ್ಮನೆ ನೋಡುತ್ತಿದ್ದವನು, ಕಾದ ಕೊಳವೆಗೆ ಗೊನೆ ತುಂಬುವವರ ಕೈ ತಾಗಿದರೆ ಏನು ಮಾಡುವುದು ಎಂದು ಕೇಳಿದ. ಸರಿಯಾದ ಪ್ರಶ್ನೆ. ಕೈ ಮಾತ್ರವಲ್ಲ, ಬಾಡಿಯಲ್ಲಿ ಒಣ ಸೋಗೆ, ಹಾಳೆ, ಗೋಣಿಚೀಲ, ಟಾರ್ಪಾಲು ಎಲ್ಲ ಇರುತ್ತವೆ. ಅವನ ಆಸೆಗೆ ದಾರಿಯಾದದ್ದು ಅಲ್ಲಿಯೇ. ಎರಡೂವರೆ ಇಂಚಿನ ಕೊಳವೆಯ ಹೊರಗೆ ಐದು ಇಂಚಿನ ಇನ್ನೊಂದು ಕವಚ ಹಾಕಿದರೆ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಕವಚದ ಬುಡದಲ್ಲಿಯೂ ತಲೆಯಲ್ಲಿಯೂ ತೆರಪು ಬಿಟ್ಟರೆ ಗಾಳಿ ತಾನಾಗಿ ಮೇಲೇರಿ ತಂಪು ಮಾಡುತ್ತದೆ. ನೋಡುವವರಿಗೆ ಕಾಣುವುದು ಐದು ಇಂಚಿನ ಹೊಳೆಯುವ ಕೊಳವೆ, ಹೊಗೆ ಹೋಗುವುದು ಅದರ ಹೊಟ್ಟೆಯೊಳಗಿನ ಸಣ್ಣದರಲ್ಲಿ. ಕವಚದ ತುದಿಯನ್ನು ಅವನ ಚಿತ್ರದಲ್ಲಿದ್ದಂತೆಯೇ ಓರೆ ಕತ್ತರಿಸಿ ಕೊಟ್ಟೆ. ಗ್ರೈಂಡರಿನ ನಂತರ ಬಫಿಂಗ್ ವೀಲ್ ಹಿಡಿದು ಅವನೇ ಸಂಜೆಯವರೆಗೆ ತಿಕ್ಕಿದ. ಅಮೆರಿಕದಲ್ಲಿ ಕುಳಿತು ಕೀಲಿಮಣೆ ಒತ್ತುವ ಹುಡುಗ ಅಷ್ಟು ತಿಕ್ಕಬಲ್ಲ ಎಂದು ನಾನು ಎಣಿಸಿರಲಿಲ್ಲ.

ಇನ್ನು ನೀರಿನ ಮಾತು. ಮಳೆಯದನ್ನು ಎಲ್ಲರೂ ಯೋಚಿಸುತ್ತಾರೆ. ಒಳಗಿನ ಕೊಳವೆಯ ಬಾಯಿಗೆ ಟ್ರ್ಯಾಕ್ಟರಿನದ್ದೇ ಮುಚ್ಚಳ ತಂದು ಹಾಕಿದೆ; ಹೊಗೆಯ ಒತ್ತಡಕ್ಕೆ ತೆರೆಯುತ್ತದೆ, ಎಂಜಿನು ನಿಂತರೆ ಬೀಳುತ್ತದೆ. ಕವಚದ ಓರೆ ತುದಿಯೊಳಗೆ ಅದು ಅಡಗಿ ಕೂತ ಕಾರಣ ಅಳಿಯನ ತಕರಾರು ಇರಲಿಲ್ಲ. ಯೋಚನೆಗೆ ಬಾರದ ನೀರು ಡೀಸೆಲ್ಲಿನಿಂದಲೇ ಬರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಭಾವ ಇದನ್ನು ನಂಬಲಿಲ್ಲ. ಕೊಳವೆ ಬಿಸಿಯಿದ್ದಾಗ ಅದು ಹಾರಿಹೋಗುತ್ತದೆ. ಬೆಳಗ್ಗೆ ತಣ್ಣಗಿನ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ ನೆಟ್ಟಗಿನ ಕೊಳವೆಯ ಒಳಮೈಯಲ್ಲಿ ಹನಿಗಟ್ಟಿ ಕೆಳಗಿಳಿದು ಬುಡದ ಬಾಗಿನಲ್ಲಿ ನಿಲ್ಲುತ್ತದೆ. ಮಸಿಯೊಡನೆ ಸೇರಿ ಹುಳಿಯಾದ ಆ ನೀರು ಸೈಲೆನ್ಸರನ್ನು ಒಳಗಿನಿಂದ ತಿನ್ನುತ್ತದೆ. ಬಾಗಿನ ತಳದಲ್ಲಿ ನಾಲ್ಕು ಮಿಲಿಮೀಟರಿನ ಒಂದು ತೂತು ಹಾಕಿದೆ. ಮಾರನೆಯ ಬೆಳಗ್ಗೆ ಎಂಜಿನು ಶುರುವಾದ ಸ್ವಲ್ಪ ಹೊತ್ತಿಗೆ ಅಲ್ಲಿಂದ ಕಪ್ಪು ಹನಿ ತೊಟ್ಟಿಕ್ಕಿತು. ಭಾವ ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿದರು.

ಗೊನೆ ತುಂಬಿಸಿ ಏರು ಹತ್ತಿಸಿದೆವು. ಮುರಕಲ್ಲಿನ ಬೆನ್ನು ಗಾಡಿಯಡಿ ಯಾವುದಕ್ಕೂ ತಾಗದೆ ಹಾದುಹೋಯಿತು. ಹೊಗೆ ಕ್ಯಾಬಿನ್ನಿನ ನೆತ್ತಿಯಿಂದ ಒಂದು ಮೊಳ ಮೇಲೆ ಹೊರಟಿತು. ಇದಕ್ಕಿಂತ ಗಿಡ್ಡ ಮಾಡಿದರೆ ಗಾಡಿ ಓಡುವಾಗ ಕ್ಯಾಬಿನ್ನಿನ ಹಿಂದೆ ಸುಳಿಯುವ ಗಾಳಿ ಹೊಗೆಯನ್ನು ಕಿಟಕಿಯೊಳಗೆ ಎಳೆಯುತ್ತದೆ, ಎತ್ತರ ಮಾಡಿದರೆ ಹಲಸಿನ ಕೊಂಬೆಗೆ ಬಡಿಯುತ್ತದೆ. ಅಳಿಯ ವೀಡಿಯೊ ತೆಗೆದ. ಅವನಿಗೆ ಒಂದೇ ಕೊರತೆ, ಹೊಗೆ ಸಾಕಷ್ಟು ಕಪ್ಪಾಗಿರಲಿಲ್ಲ. ಅಲ್ಲಿ ಕೆಲವರು ಬೇಕೆಂದೇ ಎಂಜಿನಿಗೆ ಹೆಚ್ಚು ಡೀಸೆಲ್ ಉಣಿಸಿ ಕರಿಮೋಡ ಬಿಡುತ್ತಾರಂತೆ. ನನಗೆ ಆ ಶೋಕಿ ಅರ್ಥವಾಗುವುದಿಲ್ಲ. ಗಾಳಿ ಸಾಲದೆ ಅರೆಬರೆ ಉರಿದ ಇಂಧನವೇ ಕಪ್ಪು ಹೊಗೆ. ಕೊಟ್ಟ ದುಡ್ಡನ್ನು ಆಕಾಶಕ್ಕೆ ಚೆಲ್ಲಿದ ಹಾಗೆ, ನೆರೆಯವರ ಎದೆಗೆ ಬೇರೆ ಕೇಡು. ನ್ಯೂಜೆರ್ಸಿ ರಾಜ್ಯ 2015ರಲ್ಲಿ ಅದನ್ನು ಕಾನೂನು ಮಾಡಿಯೇ ನಿಷೇಧಿಸಿದೆ. ಭಾವನ ಗಾಡಿ ಏರಿನಲ್ಲಿ ಸ್ವಲ್ಪ ಬೂದು ಹೊಗೆ ಉಗುಳಿತು, ಅದರ ವಯಸ್ಸಿಗೆ ಅಷ್ಟು ಸಾಕು. ಇಳಿದ ಮೇಲೆ ಎಲ್ಲ ಕ್ಲಾಂಪುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿದೆ. ಕಾದು ತಣಿದ ಮೇಲೆ ಅವು ಸಡಿಲವಾಗಿಯೇ ಇರುತ್ತವೆ.

ವೀಡಿಯೊ ಊರೆಲ್ಲ ತಿರುಗಿತು. ಬದಿಯಡ್ಕದಿಂದ, ಸೀತಾಂಗೋಳಿಯಿಂದ ಹುಡುಗರು ಹೊಸ ಪಿಕಪ್ಪು ತಂದು ಶಾಪಿನ ಮುಂದೆ ನಿಲ್ಲಿಸತೊಡಗಿದರು. ಯಾರಿಗೂ ಮಾಡಿಕೊಡಲಿಲ್ಲ. ರಸ್ತೆಯಲ್ಲಿ ಓಡುವ ವಾಹನವನ್ನು ಕಂಪೆನಿ ಕೊಟ್ಟ ಸ್ವರೂಪದಿಂದ ಬದಲಿಸಬಾರದು ಎಂದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ, ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಇಂತಹ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆಮನೆ, ಎರಡೂ ಆಗಬಹುದು. 2020ರ ಏಪ್ರಿಲಿನಿಂದ ಬಂದ, ಬಿಎಸ್-6 ಎಂಬ ಹೊಗೆ ನಿಯಮದ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು, ಸೆನ್ಸಾರುಗಳು ಇರುತ್ತವೆ. ಅಲ್ಲಿ ಗ್ರೈಂಡರು ಹಾಕಿದರೆ ಎಂಜಿನಿನ ಕಂಪ್ಯೂಟರೇ ಮುಷ್ಕರ ಹೂಡುತ್ತದೆ.

ಒಬ್ಬ ಮಾತ್ರ ಬಿಡಲಿಲ್ಲ. "ಅಣ್ಣ, ನಮ್ಮ ಗಾಡಿ ಹೆಚ್ಚಾಗಿ ಗಡಿಯ ಸಾರಡ್ಕ ದಾಟಿ ವಿಟ್ಲ, ಪುತ್ತೂರಿನ ಕಡೆಗೇ ಹೋಗುವುದು. ಅಲ್ಲಿ ಕೇರಳದ ಇನ್ಸ್‌ಪೆಕ್ಟರು ಇರುವುದಿಲ್ಲವಲ್ಲ" ಎಂದ. ಕಾಯಿದೆ ದಿಲ್ಲಿಯದು, ಸಾರಡ್ಕದಲ್ಲಿ ಅದು ಇಳಿದುಕೊಳ್ಳುವುದಿಲ್ಲ ಎಂದೆ. ಅವನು ಶಾಪಿನೊಳಗೆ ಒಂದು ಸುತ್ತು ನೋಡಿ, ಹಾಗಾದರೆ ಮನೆಗೊಂದು ಗೇಟು ಮಾಡಿಸಿದರೆ ಎಷ್ಟಾದೀತು ಎಂದು ಕೇಳಿದ. ಶನಿವಾರ ಅಳತೆಗೆ ಬರುತ್ತೇನೆಂದು ಹೇಳಿ ಅವನ ನಂಬರು ಬರೆದಿಟ್ಟುಕೊಂಡೆ.