ಫೋಟೊದಲ್ಲಿ ಇರುವವರಲ್ಲ, ತೆಗೆದವರು

ನಮ್ಮ ಮಾಸಪತ್ರಿಕೆಯ ಯಕ್ಷಗಾನ ವಿಶೇಷ ಸಂಚಿಕೆಗೆ ಮುಖಪುಟವಾಗಿ ಆರಿಸಿದ್ದು ಚೌಕಿಯ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದ, ಒಂದು ಫೋಟೊ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಕಲಾವಿದರು ಕನ್ನಡಿ ಮುಂದೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಿದ್ದಾರೆ. ಸಿಕ್ಕಿದ್ದು ಮೇಳದ ಫೇಸ್‌ಬುಕ್ ಪುಟದಲ್ಲಿ. ಕಲಾವಿದರಿಗೆ ನಾನೇ ಫೋನ್ ಮಾಡಿ ಕೇಳಿದ್ದೆ. "ಧಾರಾಳವಾಗಿ ಹಾಕಿ" ಅಂದರು, ವಾಟ್ಸಾಪ್‌ನಲ್ಲಿ ಬರೆದೂ ಕೊಟ್ಟರು. ಫೋಟೊದಲ್ಲಿ ಇರುವವರೇ ಒಪ್ಪಿದ ಮೇಲೆ ಇನ್ನೇನು ಅಂತ ಫೈಲ್ ಕ್ಲಿಯರ್ ಮಾಡಿದೆ.

ಅಚ್ಚಿನ ಪ್ಲೇಟ್ ಹಾಕುವ ಸಂಜೆ ಫೋನ್ ಬಂತು. ಮುಖಪುಟ ಅಚ್ಚಾಗುವ ಮೊದಲೇ ಅದನ್ನು ಫೇಸ್‌ಬುಕ್‌ಗೆ ಹಾಕುವುದು ನಮ್ಮ ಮಾರ್ಕೆಟಿಂಗ್‌ನವರ ಅಭ್ಯಾಸ. ಅದನ್ನು ನೋಡಿ ಪುತ್ತೂರು ಕಡೆಯವರೊಬ್ಬರು ಮಾಡಿದ್ದರು. "ಅದು ನಾನು ತೆಗೆದ ಫೋಟೊ ಮಾರಾಯ್ರೆ. ನನ್ನ ಹತ್ರ ಯಾರು ಕೇಳಿದ್ದು?" ಸಿಟ್ಟಿಗಿಂತ ಬೇಸರವೇ ಜಾಸ್ತಿ ಇತ್ತು ಆ ಧ್ವನಿಯಲ್ಲಿ.

ಪ್ರೆಸ್ಸಿಗೆ ಹೇಳಿ ಪ್ಲೇಟ್ ನಿಲ್ಲಿಸಿದೆ. ನಮ್ಮ ಮ್ಯಾನೇಜರ್ ಒಪ್ಪಲಿಲ್ಲ. "ಮೇಳದವರೇ ಕರೆಸಿ ತೆಗೆಸಿದ್ದಲ್ವಾ? ಅಂದ ಮೇಲೆ ಫೋಟೊ ಅವರದ್ದೇ" ಅಂದರು. ಈ ಮಾತನ್ನು ಸುಮ್ನೆ ತಳ್ಳಿಹಾಕುವಂತೆಯೂ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಹಾಗಾದರೆ ದುಡ್ಡು ಕೊಟ್ಟಿದ್ದರಾ? ಮೇಳದ ವ್ಯವಸ್ಥಾಪಕರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಆಟದ ಹೊತ್ತು. ಈ ಕಡೆ ಪ್ರೆಸ್ಸಿನವರು ಬಿಡುತ್ತಿಲ್ಲ: "ಮೆಷಿನ್ ಖಾಲಿ ನಿಂತಿದೆ ಮೇಡಂ, ಬೇರೆ ಜಾಬ್ ಹಾಕ್ಲಾ?" ಹಾಕಿದರೆ ನಮ್ಮ ಸಂಚಿಕೆ ಅಂಚೆಯ ದಿನಕ್ಕೆ ಸಿಗುವುದಿಲ್ಲ. ಬದಲಿ ಮುಖಪುಟ ತೆಗೆದಿಡಿ ಅಂತ ಡಿಸೈನರ್‌ಗೆ ಹೇಳಿ ಫೋನ್ ಹಿಡಿದು ಕೂತೆ.

ಕೊನೆಗೂ ಎತ್ತಿದರು. ಹಿಂದೆ ಚೆಂಡೆ ಸದ್ದು. "ದುಡ್ಡಾ? ಅವರು ಪ್ರೀತಿಯಿಂದ ಬರ್ತಾರೆ, ನಮ್ಮೊಟ್ಟಿಗೆ ಊಟ ಮಾಡಿ ಹೋಗ್ತಾರೆ." ಅಲ್ಲಿಗೆ ಮ್ಯಾನೇಜರ್ ವಾದ ಬಿದ್ದುಹೋಯಿತು. ಹಕ್ಕು ಕ್ಯಾಮೆರಾ ಹಿಡಿದವರದ್ದೇ. ಅವರ ಜೀವಿತಾವಧಿ ಪೂರ್ತಿ, ಆಮೇಲೆ ಇನ್ನೂ 60 ವರ್ಷ.

"ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೇಳಿಬಿಡಿ, ಮುಂದೆಯೂ ತಲೆನೋವಿರಲ್ಲ" ಅಂತ ಡೆಸ್ಕ್‌ನಲ್ಲಿ ಒಬ್ಬರು ಸಲಹೆ ಕೊಟ್ಟರು. ಪ್ರತಿ ಸಲ ಕೇಳದೆ, ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲಿ ಅಂತ ಹಕ್ಕುದಾರರು ಮೊದಲೇ ಕೊಡುವ ಅನುಮತಿ ಅದು. ಫೋಟೊ ತೆಗೆದವರಿಗೂ ಅದರ ಬಗ್ಗೆ ಸ್ವಲ್ಪ ಗೊತ್ತಿತ್ತು. "ಎಲ್ಲರೂ ಬಳಸಲಿ, ಆದರೆ ದುಡ್ಡು ಮಾಡಬಾರದು" ಅಂದರು. ಅದು ಎನ್‌ಸಿ (ನಾನ್‌ಕಮರ್ಷಿಯಲ್) ಲೈಸೆನ್ಸ್. ನಮ್ಮದು ಮಾರಾಟದ ಪತ್ರಿಕೆ, ಅದರಲ್ಲಿ ನಡೆಯುವುದಿಲ್ಲ. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ವಿಕಿಮೀಡಿಯ ಕಾಮನ್ಸ್ ಕೂಡ ಎನ್‌ಸಿ ಚಿತ್ರಗಳನ್ನು ತಗೊಳ್ಳುವುದಿಲ್ಲ. ಬಿವೈ-ಎಸ್‌ಎ ಅನ್ನುವ ಇನ್ನೊಂದು ಬಗೆಯ ಲೈಸೆನ್ಸ್ ಆದರೆ ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ಬದಲಾಯಿಸಿ ಹಂಚಿದರೆ ಅದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ.

ಈ ಕೊನೆಯ ಮಾತು ಈಗ ಯಾಕೆ, ಆಮೇಲೆ ಹೇಳಿದರಾಯ್ತು ಅಂತ ಮ್ಯಾನೇಜರ್ ಸನ್ನೆ ಮಾಡಿದರು. ನಾನು ಹೇಳಿದೆ. ಪ್ಲೇಟಿನ ಅವಸರ ನಮ್ಮದು, ಅವರದ್ದಲ್ಲ. ರಾತ್ರಿ ನಿದ್ದೆಗೆಟ್ಟು ಚೌಕಿಯಲ್ಲಿ ಕೂತು ತೆಗೆದ ಫೋಟೊವನ್ನು ಯಾರಾದರೂ ಹೋರ್ಡಿಂಗ್‌ಗೆ ಹಾಕಿಕೊಂಡರೂ ಕೇಳುವಂತಿಲ್ಲ ಅನ್ನುವುದು ಗೊತ್ತಾದ ಮೇಲೆಯೇ ಅವರು ಒಪ್ಪಬೇಕು. ಅವರು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಅದು ಬೇಡ. ಈ ಸಂಚಿಕೆಗೆ ಮಾತ್ರ ಹಾಕಿ, ನನ್ನ ಹೆಸರು ಇರಲಿ."

ಅಷ್ಟನ್ನೇ ಮೇಲ್‌ನಲ್ಲಿ ಬರೆದೆ: ಈ ಸಂಚಿಕೆಯ ಮುಖಪುಟ, ಅಚ್ಚು ಮತ್ತು ಇ-ಪೇಪರ್ ಎರಡಕ್ಕೂ, ಹೆಸರಿನೊಂದಿಗೆ, ಗೌರವಧನ ಕೊಟ್ಟು. ನಮ್ಮ ಕಾಯ್ದೆಯಲ್ಲಿ ಲೈಸೆನ್ಸ್ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಹಾಗಾಗಿ ಅದನ್ನೂ ಬಿಡಿಸಿ ಬರೆಯಬೇಕು. "ಒಪ್ಪಿದ್ದೇನೆ" ಅಂತ ಉತ್ತರ ಬಂತು, ಪ್ಲೇಟ್ ಹೋಯಿತು.

ಗೌರವಧನದ ವೋಚರ್ ಮಾತ್ರ ಅಕೌಂಟ್ಸ್‌ನಿಂದ ವಾಪಸ್ ಬಂತು. ಫೋಟೊಗೆ ಬಜೆಟ್ಟಿನಲ್ಲಿ ಹೆಡ್ಡೇ (ಖರ್ಚಿನ ಬಾಬತ್ತೇ) ಇಲ್ಲವಂತೆ! ಕಾಗದಕ್ಕೆ, ಶಾಯಿಗೆ, ಮುಖಪುಟದ ಲ್ಯಾಮಿನೇಷನ್‌ಗೆ ಇದೆ. 'ಇತರೆ' ಖರ್ಚಿನಲ್ಲಿ ಹಾಕಿಸಿ ಕೊಡಿಸಿದೆ. ಪ್ರತ್ಯೇಕ ಹೆಡ್ ಬೇಕು ಅಂತ ಪ್ರತಿ ಮೀಟಿಂಗ್‌ನಲ್ಲೂ ಕೇಳುತ್ತಿದ್ದೇನೆ, ಸಿಗುವ ತನಕ ಕೇಳುತ್ತೇನೆ.