ಪಠ್ಯ ಬ್ರೌಸರಿಗೆ ಜಾವಾಸ್ಕ್ರಿಪ್ಟ್ ಜೋಡಿಸಿದ್ದು

ಚಿಕ್ಕಮಗಳೂರು
12 ಜುಲೈ 2025, ಶನಿವಾರ

ಟರ್ಮಿನಲ್ಲಿನೊಳಗೆ (ಅಕ್ಷರಗಳಷ್ಟೇ ಮೂಡುವ ಆದೇಶದ ಕಿಟಕಿಯೊಳಗೆ) ನಡೆಯುವ ಪಠ್ಯ ಬ್ರೌಸರಿಗೆ ಜಾವಾಸ್ಕ್ರಿಪ್ಟ್, ಅಂದರೆ ಪುಟದೊಳಗೇ ಓಡಿ ಅದನ್ನು ಬದಲಿಸುವ ಪ್ರೋಗ್ರಾಮಿಂಗ್ ಭಾಷೆ, ಜೋಡಿಸುವ ಕೆಲಸ ಇವತ್ತು ಒಂದು ಹದಕ್ಕೆ ಬಂತು. ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ಕಡೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಿತ್ರ, ಜಾಹೀರಾತು, ವಿಡಿಯೊಗಳನ್ನು ಎಳೆದು ತರದೆ ಬರಹವನ್ನಷ್ಟೇ ತೋರಿಸುವ ಬ್ರೌಸರು ಇಂಥ ದಿನಗಳಲ್ಲಿ ಬಹಳ ಉಪಕಾರಿ. ಆದರೆ ಕಾಫಿ ಧಾರಣೆ ನೋಡಲು ನಾನು ತೆರೆಯುವ ತಾಣದ ಪುಟ ಅದರಲ್ಲಿ ಖಾಲಿಯಾಗಿ ಕಾಣುತ್ತದೆ. ಪುಟದ ಮೂಲವನ್ನು ತೆಗೆದು ನೋಡಿದರೆ ಏನೂ ತುಂಬಿರದ ಒಂದು ಡಿವ್ ಟ್ಯಾಗು (ಪುಟದ ಒಂದು ಭಾಗವನ್ನು ಗುರುತಿಸುವ ಸಂಕೇತ), ಅದರ ಕೆಳಗೆ ಜಾವಾಸ್ಕ್ರಿಪ್ಟ್ ಆನ್ ಮಾಡಿ ಎಂಬ ಒಂದು ಸಾಲು, ಅಷ್ಟೇ. ಅರೇಬಿಕಾ, ರೊಬಸ್ಟಾ ದರಗಳೆಲ್ಲ ಸ್ಕ್ರಿಪ್ಟ್ ಓಡಿದ ನಂತರವೇ ಬಂದು ಕೂರಬೇಕು.

1992ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಿಂದ ಹೊರಬಂದ ಲಿಂಕ್ಸ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ. ಆದ್ದರಿಂದ ನಾನು ಇಲಿಂಕ್ಸ್ ಎಂಬ ಇನ್ನೊಂದು ಪಠ್ಯ ಬ್ರೌಸರು ಹಿಡಿದೆ. ಅದನ್ನು ಕ್ವಿಕ್‌ಜೆಎಸ್, ಸ್ಪೈಡರ್‌ಮಂಕಿ ಅಥವಾ ಮ್ಯೂಜೆಎಸ್ ಎಂಜಿನ್ನಿನೊಂದಿಗೆ (ಜಾವಾಸ್ಕ್ರಿಪ್ಟನ್ನು ಓಡಿಸುವ ತಂತ್ರಾಂಶದೊಂದಿಗೆ) ಕಟ್ಟಿಕೊಳ್ಳಬಹುದು. ಮೊದಲು ವರ್ಷನ್ ಕೇಳಿದಾಗ ಬರುವ ವೈಶಿಷ್ಟ್ಯಗಳ ಪಟ್ಟಿಯಲ್ಲಿ ಜಾವಾಸ್ಕ್ರಿಪ್ಟಿನ ಪ್ರಮಾಣಿತ ರೂಪವಾದ ಎಕ್ಮಾಸ್ಕ್ರಿಪ್ಟ್ ಎಂಬ ಹೆಸರಿದೆಯೇ ಎಂದು ನೋಡಬೇಕು. ನನ್ನ ಗಣಕಕ್ಕೆ ಬಂದಿದ್ದ ಸಿದ್ಧ ಪ್ಯಾಕೇಜಿನಲ್ಲಿ ಅದಿರಲಿಲ್ಲ. ಮೂಲ ಕೋಡ್ ಇಳಿಸಿಕೊಂಡು, ಅದನ್ನು ಕಟ್ಟುವ ಸಾಧನವಾದ ಮೆಸಾನ್‌ಗೆ ಕ್ವಿಕ್‌ಜೆಎಸ್ ಬೇಕೆಂದು ತಿಳಿಸಿ ಕಂಪೈಲ್ ಮಾಡಿದೆ. ಬಳಿಕ ಬ್ರೌಸರಿನೊಳಗೆ ಓ ಕೀಲಿ ಒತ್ತಿ, ಆಯ್ಕೆಗಳ ಪಟ್ಟಿಯಲ್ಲಿ ಎಕ್ಮಾಸ್ಕ್ರಿಪ್ಟ್ ಅನ್ನು ಆನ್ ಮಾಡಿದರಾಯಿತು. ಸ್ಕ್ರಿಪ್ಟೊಂದು ಎಷ್ಟು ಸೆಕೆಂಡು ಓಡಬಹುದೆಂಬ ಮಿತಿಯೂ ಅಲ್ಲೇ ಇದೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅದನ್ನು ಸಡಿಲಿಸದಿರುವುದು ಒಳ್ಳೆಯದು.

ಎಂಜಿನ್ ಕೂರಿಸಿದರೆ ಕೆಲಸ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ನಿಜವಾದ ಕಷ್ಟ ಬೇರೆ ಕಡೆ ಇದೆ. ಹಳೆಯ ಪಠ್ಯ ಬ್ರೌಸರು ಎಚ್‌ಟಿಎಂಎಲ್ ಅನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಸಾಲುಗಳನ್ನಾಗಿ ಮಾಡಿ ಪರದೆಗೆ ಹಾಕುತ್ತದೆ, ಓದಿದ ಪುಟದ ರಚನೆಯನ್ನು ಮರದ ರೂಪದಲ್ಲಿ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಸ್ಕ್ರಿಪ್ಟ್ ಕೇಳುವುದು ಆ ಮರವನ್ನೇ: ಇಂಥ ಐಡಿಯ ಎಲಿಮೆಂಟ್ ಎಲ್ಲಿದೆ, ಅದರ ಕೆಳಗೆ ಹೊಸದೊಂದು ಸಾಲು ಸೇರಿಸು, ಆ ಬಟನ್ ಒತ್ತಿದಾಗ ನನ್ನನ್ನು ಕರೆ. ಹೀಗೆ ಮರ ಬದಲಾದಾಗಲೆಲ್ಲ ಸಾಲುಗಳನ್ನು ಮತ್ತೆ ಜೋಡಿಸಿ ಪರದೆಯನ್ನು ಹೊಸದಾಗಿ ಬರೆಯಬೇಕು. 2019ರಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಮತ್ತು ಚಾರ್ಲಿ ಗಾರ್ಡನ್ ಹೊರತಂದ ಕ್ವಿಕ್‌ಜೆಎಸ್ ಭಾಷೆಯನ್ನು ಚೆನ್ನಾಗಿಯೇ ನಡೆಸುತ್ತದೆ. ಡಾಮ್ ಎಂದು ಕರೆಯುವ ಈ ಮರವನ್ನು ಮಾತ್ರ ಬ್ರೌಸರು ಬರೆದವರೇ ಬೆಳೆಸಬೇಕು. ಆ ಕೆಲಸದ ಅಗಾಧತೆ ಕಂಡಾಗ ಅವರ ಬಗ್ಗೆ ಗೌರವ ಮೂಡುತ್ತದೆ. ಸ್ವತಃ ದೃಷ್ಟಿಯಿಲ್ಲದ ಕಾರ್ಲ್ ಡಾಲ್ಕೆ ತಾವು ಬರೆದ ಎಡ್‌ಬ್ರೌಸ್ ಎಂಬ ಪಠ್ಯ ಬ್ರೌಸರಿಗೆ ಜಾವಾಸ್ಕ್ರಿಪ್ಟ್ ತಂದದ್ದನ್ನು ನೆನೆದರೆ, ಇದು ಬರೀ ಟರ್ಮಿನಲ್ ಪ್ರಿಯರ ಹವ್ಯಾಸವೆಂದು ಯಾರೂ ಹೇಳಲಾರರು.

ಪರೀಕ್ಷೆಗೆಂದು ನಾನೇ ಒಂದು ಚಿಕ್ಕ ಪುಟ ಬರೆದೆ. ಅದರಲ್ಲಿ ಖಾಲಿ ಪಟ್ಟಿಯೊಂದಿದ್ದು, ಕಡೂರು, ಕೊಪ್ಪ, ಶೃಂಗೇರಿ, ಮೂಡಿಗೆರೆ ಎಂಬ ಹೆಸರುಗಳನ್ನು ಸ್ಕ್ರಿಪ್ಟ್ ಒಂದೊಂದಾಗಿ ಸೇರಿಸಬೇಕು. ಹೆಸರುಗಳು ಬಂದವು, ಆದರೆ ಕೊಪ್ಪದ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಸರಿದಿತ್ತು. ಅದರಲ್ಲಿ ಸ್ಕ್ರಿಪ್ಟಿನ ದೋಷವೇನಿಲ್ಲ. ಪ, ಹಲಂತ, ಪ ಎಂಬ ಮೂರು ಸಂಕೇತಗಳು ಸರಿಯಾಗಿಯೇ ಬಂದಿದ್ದವು, ಅವನ್ನು ಕೂಡಿಸಿ ಬರೆಯುವುದು ನಾನು ಬಳಸುತ್ತಿದ್ದ ಟರ್ಮಿನಲ್ಲಿಗೆ ಬರುತ್ತಿರಲಿಲ್ಲ. ಭಾರತೀಯ ಲಿಪಿಗಳನ್ನು ಬಲ್ಲ ಎಂಎಲ್‌ಟರ್ಮ್ ಎಂಬ ಬೇರೆ ಟರ್ಮಿನಲ್ಲಿನಲ್ಲಿ ಅದೇ ಪುಟ ತೆರೆದಾಗ ಅಕ್ಷರ ಸರಿಯಾಗಿ ಕೂತಿತು.

ಧಾರಣೆಯ ತಾಣ ಮಾತ್ರ ಇಲ್ಲೂ ತುಂಬಲಿಲ್ಲ. ದೊಡ್ಡ ಫ್ರೇಮ್‌ವರ್ಕಿನಲ್ಲಿ (ಸಿದ್ಧ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ) ಕಟ್ಟಿದ ಪುಟಗಳು ಬಯಸುವ ಸೌಲಭ್ಯಗಳೆಲ್ಲ ಪಠ್ಯ ಬ್ರೌಸರಿಗೆ ಇನ್ನೂ ಬರಬೇಕಾಗಿದೆ. ಹಿನ್ನೆಲೆಯಲ್ಲಿ ಫೈರ್‌ಫಾಕ್ಸನ್ನೇ ಓಡಿಸುವ ಬ್ರೌಶ್ ಬಳಸಿದರೆ ಪುಟ ತೆರೆದೀತು, ಆದರೆ ನಾನು ಉಳಿಸಲು ಹೊರಟ ಮೆಮೊರಿ, ಡೇಟಾ ಎರಡೂ ಅಲ್ಲಿ ಖರ್ಚಾಗುತ್ತವೆ. ನಾಲ್ಕು ದರಗಳ ಒಂದು ಕೋಷ್ಟಕವನ್ನು ನೇರ ಎಚ್‌ಟಿಎಂಎಲ್‌ನಲ್ಲೇ ಕೊಡಿ ಎಂದು ಆ ತಾಣದವರಿಗೆ ವಿನಯದಿಂದ ಬರೆದು ಕಳಿಸಿದ್ದೇನೆ.

ಎಲ್ಲ ತಾಣಗಳಿಗೂ ಸ್ಕ್ರಿಪ್ಟ್ ಓಡಿಸಲು ಬಿಡುವುದು ನನಗೆ ಒಪ್ಪಿಗೆಯಿಲ್ಲ. ನಿಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿರುವ ಚಾವಾನ್ ಬ್ರೌಸರಿನಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆಯಿದೆ: ಸ್ಕ್ರಿಪ್ಟಿಂಗ್ ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಬೇಕಾದ ತಾಣದ ಹೆಸರನ್ನು ಕಾನ್ಫಿಗ್ ಕಡತದಲ್ಲಿ ಬರೆದು ಅದೊಂದಕ್ಕೇ ಅನುಮತಿ ಕೊಡಬಹುದು. ನಾಳೆ ಅದನ್ನು ಕಟ್ಟಿ, ನನ್ನ ತಾಲ್ಲೂಕುಗಳ ಪುಟವನ್ನು ಅದರಲ್ಲೂ ತೆರೆದು ನೋಡಬೇಕು.