ಐಲ್ ಆಫ್ ಮ್ಯಾನ್: ಇಪ್ಪತ್ತನಾಲ್ವರು ಕೂಡುವ ಕೆಳಮನೆ

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೊರಗಿನವರು ಹೆಚ್ಚಾಗಿ ಹೋಗುವುದು ಮೋಟಾರ್‌ಸೈಕಲ್ ಪಂದ್ಯ ನೋಡಲು. ನಾನು ಹೋದದ್ದು ಅಲ್ಲಿನ ಶಾಸನಸಭೆಯ ಕೆಳಮನೆಯಾದ ‘ಹೌಸ್ ಆಫ್ ಕೀಸ್’ ನೋಡಲು. 572 ಚದರ ಕಿಲೋಮೀಟರಿನ ಈ ದ್ವೀಪದಲ್ಲಿ 2021ರ ಜನಗಣತಿಯ ಪ್ರಕಾರ ಸುಮಾರು 84 ಸಾವಿರ ಜನರಿದ್ದಾರೆ. ಅದು ಬ್ರಿಟಿಷ್ ರಾಜನ ಅಧೀನದಲ್ಲಿದ್ದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ರಕ್ಷಣೆ ಮತ್ತು ವಿದೇಶ ವ್ಯವಹಾರಗಳನ್ನು ಲಂಡನ್ ನೋಡಿಕೊಂಡರೆ, ಒಳಾಡಳಿತದ ಕಾನೂನುಗಳನ್ನು ‘ಟಿನ್‌ವಾಲ್ಡ್’ ಎಂಬ ಸ್ಥಳೀಯ ಶಾಸನಸಭೆಯೇ ಮಾಡುತ್ತದೆ. ವೈಕಿಂಗರ ಕಾಲದಲ್ಲಿ ಬಯಲಿನಲ್ಲಿ ಕೂಡುತ್ತಿದ್ದ ಸಭೆಯಿಂದ ಬೆಳೆದ ಈ ಸಂಸ್ಥೆ 1979ರಲ್ಲಿ ತನ್ನ ಸಾವಿರದ ವರ್ಷವನ್ನು ಆಚರಿಸಿತು.

ಇಂಗ್ಲೆಂಡಿನ ಹೇಶಮ್ ಬಂದರಿನಿಂದ ಹೊರಟ ಹಡಗು ನಾಲ್ಕು ತಾಸಿಗಿಂತ ತುಸು ಕಡಿಮೆ ಹೊತ್ತಿನಲ್ಲಿ ದ್ವೀಪದ ರಾಜಧಾನಿ ಡಗ್ಲಸ್ ಸೇರುತ್ತದೆ. ಈಗಿನ ಸಭಾಭವನ ಅಲ್ಲೇ ಇದ್ದರೂ ನಾನು ಮೊದಲು ಹೋದದ್ದು ದಕ್ಷಿಣದ ಕ್ಯಾಸಲ್‌ಟೌನಿಗೆ, ಏಕೆಂದರೆ ಈ ಸಭೆ ಮೊದಲು ಏನಾಗಿತ್ತು ಎಂಬುದನ್ನು ಕಾಣದೆ ಅದು ಈಗ ಏನಾಗಿದೆ ಎಂಬುದರ ಬೆಲೆ ತಿಳಿಯದು. ಮೂರಡಿ ಅಗಲದ ಹಳಿಯ ಮೇಲೆ ಇಂದಿಗೂ ಓಡುವ ಉಗಿಬಂಡಿ ಹೊಲಗಳ ನಡುವೆ ಹಾದು ಆ ಪುಟ್ಟ ಊರಿಗೆ ತಲುಪಿಸಿತು.

ಕ್ಯಾಸಲ್ ರಷೆನ್ ಎಂಬ ಸುಣ್ಣಕಲ್ಲಿನ ಕೋಟೆಯ ಎದುರಿಗೇ, ಊರಿನ ಉಳಿದ ಮನೆಗಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಹಳೆಯ ಹೌಸ್ ಆಫ್ ಕೀಸ್ ಕಟ್ಟಡವಿದೆ. 1821ರಲ್ಲಿ ಕಟ್ಟಿದ ಇದು ಈಗ ವಸ್ತುಸಂಗ್ರಹಾಲಯ. ಬಂದವರನ್ನು ಸದಸ್ಯರ ಸ್ಥಾನಗಳಲ್ಲಿ ಕೂರಿಸಿ, ಹಿಂದೆ ನಡೆದ ಚರ್ಚೆಗಳನ್ನು ಮುಂದಿಟ್ಟು ಮತ ಹಾಕಿಸುತ್ತಾರೆ. ಆ ಪೀಠಗಳಲ್ಲಿ ಒಂದು ಕಾಲಕ್ಕೆ ಕೂರುತ್ತಿದ್ದ ಇಪ್ಪತ್ತನಾಲ್ವರನ್ನು ಜನರು ಆರಿಸುತ್ತಿರಲಿಲ್ಲ. ಒಬ್ಬ ಸದಸ್ಯನ ಸ್ಥಾನ ತೆರವಾದರೆ ಉಳಿದವರು ಎರಡು ಹೆಸರು ಸೂಚಿಸುವರು, ಅದರಲ್ಲಿ ಒಬ್ಬನನ್ನು ಗವರ್ನರ್ ಒಪ್ಪುವನು. ಹೀಗೆ ಸ್ಥಾನಗಳು ಕೆಲವೇ ಜಮೀನ್ದಾರ ಮನೆತನಗಳಲ್ಲಿ ಸುತ್ತುತ್ತಿದ್ದವು.

1864ರಲ್ಲಿ ಡಗ್ಲಸ್ ಪಟ್ಟಣದ ಆಡಳಿತಕ್ಕೆ ಹೆಚ್ಚಿನ ಅಧಿಕಾರ ಕೊಡುವ ಮಸೂದೆಯನ್ನು ಕೀಸ್ ತಿರಸ್ಕರಿಸಿತು. ‘ಐಲ್ ಆಫ್ ಮ್ಯಾನ್ ಟೈಮ್ಸ್’ ಪತ್ರಿಕೆಯ ಸಂಪಾದಕ ಜೇಮ್ಸ್ ಬ್ರೌನ್ ಅದನ್ನು ಕಟುವಾಗಿ ಟೀಕಿಸಿ ಬರೆದ. ಸದಸ್ಯರು ಅವನನ್ನು ಸಭೆಗೆ ಕರೆಸಿ, ನಿಂದನೆಯ ಅಪರಾಧ ಹೊರಿಸಿ, ಆರು ತಿಂಗಳ ಸೆರೆವಾಸ ವಿಧಿಸಿ ಎದುರಿನ ಕೋಟೆಗೇ ಕಳುಹಿಸಿದರು. ಲಂಡನ್ನಿನ ನ್ಯಾಯಾಲಯ, ಶಾಸನ ಮಾಡುವ ಸಭೆಯಾಗಿ ಕೂತಾಗ ಕೀಸ್‌ಗೆ ಇಂಥ ಶಿಕ್ಷೆ ವಿಧಿಸುವ ಅಧಿಕಾರವಿಲ್ಲ ಎಂದು ಹೇಳಿದ ಮೇಲೆ, ಕೆಲವು ವಾರಗಳ ಸೆರೆಯ ನಂತರ ಬ್ರೌನ್ ಹೊರಬಂದು, ಪರಿಹಾರಕ್ಕಾಗಿ ದಾವೆ ಹೂಡಿ ಗೆದ್ದ. ಸಭೆ ಕೂಡುತ್ತಿದ್ದ ಕೋಣೆಗೂ ಅವನನ್ನು ಇಟ್ಟಿದ್ದ ಕೋಟೆಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ. ಅಲ್ಲಿ ನಿಂತಾಗ, 2017ರಲ್ಲಿ ನಮ್ಮ ವಿಧಾನಸಭೆಯು ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿದ್ದು ನೆನಪಾಗದೆ ಇರಲಿಲ್ಲ. ತನ್ನನ್ನು ಟೀಕಿಸಿದವನಿಗೆ ತಾನೇ ನ್ಯಾಯಾಧೀಶನಾಗುವ ಅಧಿಕಾರ ಯಾವ ಶಾಸನಸಭೆಗೂ ಇರಬಾರದೆಂಬ ನನ್ನ ನಂಬಿಕೆ ಆ ರಸ್ತೆಯಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಬ್ರೌನ್ ಪ್ರಕರಣ ಜನರನ್ನು ಕೆರಳಿಸಿತು. ಆದರೆ ಸುಧಾರಣೆಯನ್ನು ಅನಿವಾರ್ಯಗೊಳಿಸಿದ್ದು ಹಣದ ಪ್ರಶ್ನೆ. ಬಂದರು ಮತ್ತು ಇತರ ಸಾರ್ವಜನಿಕ ಕೆಲಸಗಳಿಗೆ ದ್ವೀಪದ ಸುಂಕದ ಆದಾಯದಲ್ಲಿ ಉಳಿಯುವ ಹಣ ದ್ವೀಪಕ್ಕೇ ಸಿಗಬೇಕೆಂದು ಗವರ್ನರ್ ಹೆನ್ರಿ ಲಾಕ್ ಲಂಡನ್ನಿನೊಡನೆ ಮಾತುಕತೆ ನಡೆಸಿದಾಗ, ಕೀಸ್ ಚುನಾಯಿತ ಸಭೆಯಾಗಬೇಕೆಂಬ ಷರತ್ತು ಬಂತು. 1866ರಲ್ಲಿ ಕಾಯ್ದೆಯಾಗಿ, ಮರುವರ್ಷ ಮೊದಲ ಚುನಾವಣೆ ನಡೆಯಿತು. 1874ರಲ್ಲಿ ಸಭೆ ಡಗ್ಲಸ್‌ಗೆ ಸ್ಥಳಾಂತರಗೊಂಡಿತು. ಮುಂದಿನದು ಇನ್ನೂ ದೊಡ್ಡ ಹೆಜ್ಜೆ. ಮತದಾರರ ಅರ್ಹತೆಯ ಮಸೂದೆಯಿಂದ ‘ಪುರುಷ’ ಎಂಬ ಪದವನ್ನೇ ತೆಗೆಯುವ ತಿದ್ದುಪಡಿಯನ್ನು 1880ರಲ್ಲಿ ಕೀಸ್ ಒಪ್ಪಿತು. ಮೇಲ್ಮನೆ ಅದನ್ನು ಮೊಟಕುಗೊಳಿಸಿತಾದರೂ, ಸ್ವಂತ ಆಸ್ತಿಯಿದ್ದ ಅವಿವಾಹಿತ ಸ್ತ್ರೀಯರು ಮತ್ತು ವಿಧವೆಯರು 1881ರ ಚುನಾವಣೆಯಲ್ಲಿ ಮತ ಹಾಕಿದರು. ನ್ಯೂಜಿಲೆಂಡ್ ಮಹಿಳೆಯರಿಗೆ ಮತಾಧಿಕಾರ ಕೊಟ್ಟದ್ದು ಅದಾದ ಹನ್ನೆರಡು ವರ್ಷಗಳ ಮೇಲೆ. ಬ್ರಿಟನ್ನಿನ ಮತಾಧಿಕಾರ ಹೋರಾಟದ ನಾಯಕಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್ ಅವರ ತಾಯಿ ಈ ದ್ವೀಪದವರೇ. 2006ರಲ್ಲಿ ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಿದ್ದೂ ಇದೇ ಸಭೆ.

ಡಗ್ಲಸ್‌ನ ಈಗಿನ ಸಭಾಭವನವನ್ನು, ಅದರ ಹಂತಹಂತವಾದ ಬಿಳಿಯ ಆಕಾರದಿಂದಾಗಿ, ಊರವರು ‘ಮದುವೆ ಕೇಕ್’ ಎನ್ನುತ್ತಾರೆ. ಕೀಸ್ ಸಾಮಾನ್ಯವಾಗಿ ಮಂಗಳವಾರ ಕೂಡುತ್ತದೆ; ಸಾರ್ವಜನಿಕರ ಗ್ಯಾಲರಿಯಲ್ಲಿ ಕುಳಿತು ಕೇಳಬಹುದು. ಪ್ರಶ್ನೋತ್ತರದಿಂದ ಆರಂಭವಾದ ಕಲಾಪದಲ್ಲಿ ಮಾತು ಸಂಕ್ಷಿಪ್ತವಾಗಿತ್ತು, ಉಪಪ್ರಶ್ನೆಗಳು ಚುರುಕಾಗಿದ್ದವು. ಹನ್ನೆರಡು ಕ್ಷೇತ್ರಗಳಿಂದ ಇಬ್ಬಿಬ್ಬರಂತೆ ಬರುವ ಇಪ್ಪತ್ತನಾಲ್ವರಲ್ಲಿ, 2021ರ ಚುನಾವಣೆಯಲ್ಲಿ ಗೆದ್ದ ಇಪ್ಪತ್ತೊಂದು ಮಂದಿ ಪಕ್ಷೇತರರು; ಹತ್ತು ಮಂದಿ ಮಹಿಳೆಯರು. ಪಕ್ಷದ ವಿಪ್ ಇಲ್ಲದ ಕಡೆ ಸದಸ್ಯರು ಒಬ್ಬರ ಮಾತನ್ನು ಒಬ್ಬರು ನಿಜವಾಗಿ ಆಲಿಸುವುದನ್ನು ನೋಡಿ ಸಂತೋಷವಾಯಿತು. ಕೊರತೆಯೂ ಕಾಣದೆ ಇರಲಿಲ್ಲ: ಸಭೆ ಇಷ್ಟು ಚಿಕ್ಕದಾದ್ದರಿಂದ ಹೆಚ್ಚಿನ ಸದಸ್ಯರು ಮಂತ್ರಿಗಳಾಗಿಯೋ ಇಲಾಖೆಗಳ ಸದಸ್ಯರಾಗಿಯೋ ಸರ್ಕಾರದೊಳಗೇ ಇರುತ್ತಾರೆ, ಹಾಗಾಗಿ ಹೊರಗೆ ನಿಂತು ಸರ್ಕಾರವನ್ನು ಪ್ರಶ್ನಿಸಲು ಉಳಿಯುವವರು ಕೆಲವರೇ. ಮೇಲ್ಮನೆಯ ಎಂಟು ಮಂದಿಯನ್ನು ಕೀಸ್ ಸದಸ್ಯರೇ ಆರಿಸುತ್ತಾರೆ. ಎರಡೂ ಮನೆಗಳು ಟಿನ್‌ವಾಲ್ಡ್ ಆಗಿ ಒಂದೇ ಸಭಾಂಗಣದಲ್ಲಿ ಕೂತು ಚರ್ಚಿಸಿದರೂ ಮತವನ್ನು ಮಾತ್ರ ಬೇರೆಬೇರೆಯಾಗಿ ಹಾಕುತ್ತವೆ.

ಜುಲೈ 5ರ ಟಿನ್‌ವಾಲ್ಡ್ ದಿನಕ್ಕಾಗಿ ಪೀಲ್ ಕಡೆಯ ಬಸ್ಸು ಹಿಡಿದು ಸೇಂಟ್ ಜಾನ್ಸ್ ಗ್ರಾಮಕ್ಕೆ ಹೋದೆ. ಹುಲ್ಲು ಹೊದೆದ ನಾಲ್ಕು ಹಂತಗಳ ಚಿಕ್ಕ ದಿಬ್ಬವೇ ಅಂದಿನ ಸಭಾಂಗಣ. ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ಜೊಂಡು ಹಾಸಿದ ದಾರಿಯಲ್ಲಿ ಸದಸ್ಯರೆಲ್ಲ ಮೆರವಣಿಗೆಯಲ್ಲಿ ಬಂದರು. ಹಲವರ ಎದೆಯ ಮೇಲೆ ‘ಬಾಲನ್ ಬೇನ್’ ಎಂಬ ಗಿಡದ ಎಸಳಿತ್ತು. ಮೇಲಿನ ಹಂತದಲ್ಲಿ ಗವರ್ನರ್ ಮತ್ತು ಮೇಲ್ಮನೆಯವರು, ಅವರ ಕೆಳಗೆ ಕೀಸ್. ಹಿಂದಿನ ವರ್ಷದಿಂದ ಆದ ಕಾಯ್ದೆಗಳ ಹೆಸರು ಮತ್ತು ಸಾರವನ್ನು ಇಂಗ್ಲಿಷಿನಲ್ಲಿಯೂ ದ್ವೀಪದ ಸ್ವಂತ ಭಾಷೆಯಾದ ಮಾಂಕ್ಸ್‌ನಲ್ಲಿಯೂ ಗಟ್ಟಿಯಾಗಿ ಓದಲಾಯಿತು. ಇದು ಬರಿಯ ಶಿಷ್ಟಾಚಾರವಲ್ಲ: ಹದಿನೆಂಟು ತಿಂಗಳೊಳಗೆ ಈ ದಿಬ್ಬದ ಮೇಲೆ ಓದಿ ಘೋಷಿಸದ ಕಾಯ್ದೆ ಜಾರಿಯಲ್ಲಿ ಉಳಿಯುವುದಿಲ್ಲ. ಕೊನೆಯ ಮಾತೃಭಾಷಿಕ 1974ರಲ್ಲಿ ತೀರಿಕೊಂಡ ಮೇಲೂ ಮಾಂಕ್ಸ್ ಅಳಿಯಲಿಲ್ಲ. ಆ ಭಾಷೆಯಲ್ಲೇ ಕಲಿಸುವ ಪ್ರಾಥಮಿಕ ಶಾಲೆ ಇದೇ ಗ್ರಾಮದಲ್ಲಿದೆ.

ಓದು ಮುಗಿದ ಮೇಲೆ ಕೆಲವರು ಕೈಯಲ್ಲಿ ಕಾಗದ ಹಿಡಿದು ದಿಬ್ಬದ ಬುಡಕ್ಕೆ ನಡೆದು ಬಂದರು. ದೂರು ಇರುವ ಯಾರೇ ಆದರೂ ಅಂದು ಹೀಗೆ ಮನವಿ ಸಲ್ಲಿಸಬಹುದು. ನಿಯಮಬದ್ಧವಾಗಿದ್ದರೆ ಯಾವುದೇ ಸದಸ್ಯರು ಅದನ್ನು ಕೈಗೆತ್ತಿಕೊಂಡು, ವಿಚಾರಣೆಗೆ ಸಮಿತಿ ರಚಿಸಬೇಕೆಂದು ಟಿನ್‌ವಾಲ್ಡನ್ನು ಕೇಳಬಹುದು. ನನ್ನ ಪಕ್ಕದಲ್ಲಿ ನಿಂತಿದ್ದ ವೃದ್ಧೆಯೊಬ್ಬರು ಪ್ರತಿಯೊಂದು ಮನವಿಯ ವಿಷಯವನ್ನೂ ನನಗೆ ವಿವರಿಸಿ, ಅದನ್ನು ಯಾವ ಸದಸ್ಯರು ಎತ್ತಿಕೊಳ್ಳಬೇಕೆಂಬುದನ್ನೂ ಹೆಸರು ಹಿಡಿದು ಹೇಳಿದರು.